‘ಊಟ ಮಾಡಲಿಲ್ಲ’ವೋ ‘ಊಟ ಮಾಡಿಲ್ಲ’ವೋ?
ಗೆಳೆಯರೇ,

ಫ್ರೆಂಚ್ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ರಾತ್ರಿ ಹೊತ್ತು ಹುಡುಗನೊಬ್ಬ ಅಕ್ಕನ ಮನೆ ಬಾಗಿಲಲ್ಲಿ ನಿಂತು ತಾನು ಉಣ್ಣದಿರುವ ಬಗ್ಗೆ ಒಂದೇ ಮಾತು ಆಡುತ್ತಾನೆ: ‘ಜ ನೇ ಪಾ ಮಾಂಜೇ’. ಮೂರು ದಿನದಿಂದ ನಾನೂ ಆ ಬಾಗಿಲಲ್ಲೇ ನಿಂತಿದ್ದೇನೆ.

ರಚನೆಯಲ್ಲಿ ತೊಡಕಿಲ್ಲ. ‘ಜೇ ಮಾಂಜೇ’ ಎಂದರೆ ‘ನಾನು ಉಂಡೆ’. ಇದರಲ್ಲಿ ‘ಜ’ (ನಾನು) ಜೊತೆ ಕೂಡಿಕೊಂಡಿರುವ ಸಹಾಯಕ ಕ್ರಿಯಾಪದ ‘ಏ’ಯ ಹಿಂದೊಂದು ‘ನ’, ಮುಂದೊಂದು ‘ಪಾ’ ಸೇರಿದರೆ ನಿಷೇಧ. ‘ರಿಯಾಂ’ (ಏನೂ), ‘ಜಮೇ’ (ಎಂದೂ) ಕೂಡ ‘ಪಾ’ ಕೂರುವ ಜಾಗದಲ್ಲೇ ಕೂರುತ್ತವೆ. ‘ಪೆರ್ಸೊನ್’ (ಯಾರೂ) ಮಾತ್ರ ಕೃದಂತವನ್ನೂ ದಾಟಿ ಕೊನೆಗೆ ಹೋಗುತ್ತದೆ: ‘ಜ ನೇ ವ್ಯೂ ಪೆರ್ಸೊನ್’, ನಾನು ಯಾರನ್ನೂ ನೋಡಲಿಲ್ಲ.

ಅಥವಾ, ನೋಡಿಲ್ಲ! ನನ್ನ ಪ್ರಶ್ನೆ ಇದೇ. ‘ಮಧ್ಯಾಹ್ನ ಊಟ ಮಾಡಲಿಲ್ಲ’ ಎಂದರೆ ಆ ಹೊತ್ತು ಕಳೆಯಿತು, ಮಾತು ಮುಗಿಯಿತು. ‘ಊಟ ಮಾಡಿಲ್ಲ’ ಎಂದರೆ ಹಸಿವು ಇನ್ನೂ ಇದೆ. ಕೇಳಿದವರು ಎದ್ದು ತಟ್ಟೆ ಹಾಕುತ್ತಾರೆ. ಫ್ರೆಂಚಿನ ಬರಹದಲ್ಲಿ ಮೊದಲನೆಯದಕ್ಕೆ ‘ಜ ನ ಮಾಂಜೇ ಪಾ’ ಎಂಬ ಬೇರೆ ಭೂತರೂಪವಿದೆ. ಆದರೆ ಅದು ಆಡುಮಾತಿನಿಂದ ಮರೆಯಾಗಿದೆ, ಹಾಗಾಗಿ ‘ಜ ನೇ ಪಾ ಮಾಂಜೇ’ ಎರಡೂ ಕೆಲಸ ಮಾಡುತ್ತದೆ. ಹುಡುಗ ಊಟ ಕೇಳುತ್ತಿದ್ದಾನೋ, ನಡೆದದ್ದನ್ನಷ್ಟೇ ಹೇಳುತ್ತಿದ್ದಾನೋ ಎಂಬುದನ್ನು ಕಥೆಗಾರ್ತಿ ಬಿಡಿಸಿ ಹೇಳಿಲ್ಲ. ಕನ್ನಡದಲ್ಲಿ ನಾನು ಬಿಡಿಸಲೇಬೇಕು.

‘ಒಂದಗುಳೂ ಮುಟ್ಟ...’ ಎಂದು ತಿರುಗಿಸಿ ನೋಡಿದೆ. ಅದು ಫ್ರೆಂಚಿಗೂ ಒಗ್ಗುವ ದಾರಿ: ‘ಪಾ’ ಮೂಲದಲ್ಲಿ ‘ಹೆಜ್ಜೆ’. ‘ಒಂದು ಹೆಜ್ಜೆಯೂ ನಡೆಯಲಿಲ್ಲ’ ಎನ್ನುವಂಥ ಮಾತುಗಳಿಂದ ಬಂದು ಎಲ್ಲ ಕ್ರಿಯೆಗೂ ಹಬ್ಬಿತು. ಹಳೆಯ ಫ್ರೆಂಚಿನಲ್ಲಿ ‘ಮೀ’ (ರೊಟ್ಟಿಯ ಚೂರು), ‘ಗುತ್’ (ಹನಿ) ಕೂಡ ಹೀಗೆ ಬಳಕೆಯಲ್ಲಿದ್ದವು, ನಮ್ಮ ‘ತೊಟ್ಟು ನೀರೂ’ ಇದ್ದಂತೆ. ಇಂದಿನ ಮಾತಿನಲ್ಲಿ ‘ನ’ ಉದುರಿ ‘ಜೇ ಪಾ ಮಾಂಜೇ’ ಆಗಿದೆ. ಹೆಜ್ಜೆಯೇ ‘ಇಲ್ಲ’ ಆಗಿ ನಿಂತಿದೆ. ಎಷ್ಟು ಚೆಂದ! ಆದರೂ ನನ್ನ ತೊಡಕು ಬಗೆಹರಿಯದು: ಮುಟ್ಟಲಿಲ್ಲವೋ, ಮುಟ್ಟಿಲ್ಲವೋ?

ನನ್ನ ಕಿವಿಗೆ ‘ಇನ್ನೂ ಊಟ ಮಾಡಲಿಲ್ಲ’ ಸರಿ ಕೇಳಿಸದು, ‘ಇನ್ನೂ ಮಾಡಿಲ್ಲ’ ಎಂದೇ ಆಗಬೇಕು. ನಿಮ್ಮ ಕಡೆ ಮೊದಲನೆಯದನ್ನೂ ಹಾಗೆ ಆಡುವುದುಂಟೇ? ಉಂಟಾದರೆ ಆ ಹುಡುಗನ ಬಾಯಲ್ಲಿ ‘ಮಾಡಲಿಲ್ಲ’ ಇಟ್ಟು ಎರಡು ಅರ್ಥವನ್ನೂ ಉಳಿಸಿಕೊಳ್ಳಬಹುದು. ಊರಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರ.