ಹತ್ತೊಂಬತ್ತು ವರ್ಷ ಒಂದೇ ಸೂರು, ತಾಳಿ ಮಾತ್ರ ಇಲ್ಲ. ಈಗ ಮನೆ ಯಾರದು?

ಕಲ್ಲಹಳ್ಳಿ ಹುಡುಗ: ಮಂಡ್ಯದಲ್ಲಿ ನಮ್ಮ ಪಕ್ಕದ ಮನೆ ಆಂಟಿ ವಿಷಯ. ಟೈಲರ್ ಅಂಕಲ್ ಜೊತೆ 2005ರಿಂದ 19 ವರ್ಷ ಸಂಸಾರ ಮಾಡಿದ್ರು. ಮದುವೆ ಆಗಿರ್ಲಿಲ್ಲ ಅನ್ನೋದು ಬೀದಿಗೆಲ್ಲ ಗೊತ್ತು, ಆದ್ರೂ ಎಲ್ಲರ ಬಾಯಲ್ಲೂ ಅವರು 'ಟೈಲರಮ್ಮ'. ಹೋದ ದೀಪಾವಳಿ ಕಳೆದ ಮೇಲೆ ಅಂಕಲ್ ತೀರ್ಕೊಂಡ್ರು. ಹನ್ನೊಂದನೇ ದಿನ ಊಟದ ಎಲೆ ಎತ್ತೋಕೂ ಮುಂಚೆ ಅವರ ತಮ್ಮಂದಿರಿಬ್ಬರು ಬೀರು ಕೀ ಕೇಳಿದ್ರು. ಹೊಲಿಗೆ ಮಿಷನ್ ಆಗ್ಲೇ ಎತ್ಕೊಂಡು ಹೋಗಿದಾರೆ, ಈಗ ಮನೆ ಖಾಲಿ ಮಾಡು ಅಂತಿದಾರೆ. ಮನೆ ಅಂಕಲ್ ಸ್ವಂತ ದುಡಿಮೆದು, ಖಾತೆ ಅವರ ಹೆಸರಲ್ಲೇ ಇದೆ. ವಿಲ್ ಇಲ್ಲ, ಮಕ್ಕಳಿಲ್ಲ. ಆಂಟಿಗೆ ಏನಾದ್ರೂ ಹಕ್ಕಿದೆಯಾ?

ಮದ್ದೂರ್ ವಡೆ: ಯಾವ ಹಕ್ಕೂ ಇಲ್ಲ ಕಣ್ ಗುರು. ತಾಳಿ ಇಲ್ಲ, ಲಗ್ನಪತ್ರಿಕೆ ಇಲ್ಲ. ಇಷ್ಟ ಬಂದಂಗೆ ಇದ್ಬುಟ್ಟು ಆಮ್ಯಾಕೆ ಆಸ್ತಿ ಕೇಳುದ್ರೆ ಯಾರ್ ಕೊಟ್ಟಾರು?

ಸರಸ್ವತಿಪುರಂ ವಾಸಿ: ತಪ್ಪು ಸ್ವಾಮಿ. ಬಹಳ ವರ್ಷ ಜೊತೆಗಿದ್ರೆ ಮದುವೆ ಆದ ಹಾಗೇ ಅಂತ ಸುಪ್ರೀಂ ಕೋರ್ಟೇ ಹೇಳಿದೆ, ಪೇಪರಲ್ಲಿ ಓದಿದೀನಿ. ಆಂಟಿ ಧೈರ್ಯವಾಗಿರಲಿ, ಮನೆ ಅವರದೇ.

ಕರಿಕೋಟು: ಸರಸ್ವತಿಪುರಂ ಅವರೇ, ತಲೆಬರಹ ಓದಿ ಕೆಳಗಿಂದು ಬಿಟ್ಟಿದೀರಿ. ನಾನು ಮೈಸೂರಲ್ಲಿ ವಕೀಲೆ, ಇಂಥ ಕೇಸು ನಡೆಸಿದೀನಿ. ಬಹುಕಾಲ ಗಂಡ ಹೆಂಡಿರ ಹಾಗೆ ಬಾಳಿದವರನ್ನ ಮದುವೆಯಾದವರು ಅಂತ ಕೋರ್ಟು ಊಹೆ ಮಾಡ್ಕೊಳ್ಳತ್ತೆ. 1978ರ ಬದ್ರಿ ಪ್ರಸಾದ್ ತೀರ್ಪಲ್ಲಿ ಸುಮಾರು 50 ವರ್ಷದ ಬಾಳ್ವೆಯನ್ನ ಹೀಗೇ ಒಪ್ಪಿದ್ರು. ಆದ್ರೆ ಅದು ಊಹೆ ಅಷ್ಟೇ, ಎದುರು ಪಾರ್ಟಿ ಸಾಕ್ಷಿ ಕೊಟ್ಟು ಬೀಳಿಸಬಹುದು.

ಊಹೆ ನಿಂತ್ರೆ ಟೈಲರಮ್ಮ ವಿಧವೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ವಿಧವೆ ಮೊದಲನೇ ವರ್ಗದ ವಾರಸುದಾರಳು, ತಮ್ಮಂದಿರು ಎರಡನೇ ವರ್ಗ. ಮೊದಲನೇದರಲ್ಲಿ ಒಬ್ಬರಿದ್ರೂ ಎರಡನೇದಕ್ಕೆ ಬಿಡಿಗಾಸೂ ಹೋಗಲ್ಲ. ಊಹೆ ಬಿತ್ತು ಅಂದ್ರೆ ಎಲ್ಲಾ ತಮ್ಮಂದಿರಿಗೆ. ಅದಕ್ಕೇ ಕೇಳ್ತೀನಿ, ಅಂಕಲ್‌ಗೆ ಮುಂಚೆ ಮದುವೆ ಆಗಿತ್ತಾ? ಅವರ ತಾಯಿ ಇದಾರಾ?

ಕಲ್ಲಹಳ್ಳಿ ಹುಡುಗ: ತಾಯಿ ಇಲ್ಲ. ಮದುವೆ... ಆಗಿತ್ತು ಮೇಡಂ. ಮಳವಳ್ಳಿ ಕಡೆಯವರು. ಎರಡೇ ವರ್ಷಕ್ಕೆ ತವರಿಗೆ ಹೋದವರು ತಿರುಗಿ ಬರ್ಲಿಲ್ಲ, ಡೈವೋರ್ಸೂ ಆಗ್ಲಿಲ್ಲ. 2012ರಲ್ಲಿ ಅವರು ತೀರಿಹೋದ್ರಂತೆ.

ಮದ್ದೂರ್ ವಡೆ: ನೋಡುದ್ರಾ! ಕಟ್ಕಂಡೋಳು ಬದುಕಿದ್ದಂಗೇ ಇವಳನ್ನ ಇಟ್ಕಂಡಿದ್ದ ಅಂತಾಯ್ತು.

ಪಡುವಾರಹಳ್ಳಿ ಪದ್ಮ: ಯಾರು ಯಾರನ್ನ ಇಟ್ಕೊಂಡಿದ್ರು ಮಾರಾಯರೇ? ಹತ್ತೊಂಬತ್ತು ವರ್ಷ ಅವನ ಅಂಗಡೀಲಿ ಕೂತು ಕಾಜ ತೆಗೆದು, ಫಾಲ್ಸ್ ಹಚ್ಚಿ, ಕೊನೆಗೆ ಆಸ್ಪತ್ರೇಲಿ ಅವನ ಮಲಮೂತ್ರ ಬಳಿದೋಳು ಆಕೆ. ಆ ತಮ್ಮಂದಿರು ಆಗ ಎಲ್ಲಿದ್ರಂತೆ? ನಮ್ಮಜ್ಜಿ ಕಾಲದಲ್ಲಿ ಗಂಡ ಸತ್ತೋಳು ಕೂಡಾವಳಿ, ಅಂದ್ರೆ ಮರುಮದುವೆ, ಆದ್ರೆ ಒಂದು ಸೀರೆ, ನಾಲ್ಕು ಜನ ಯಜಮಾನರು, ಅಷ್ಟೇ. ಪತ್ರಿಕೆ ತೋರ್ಸು ಅಂದೋರಿಲ್ಲ.

ಮದ್ದೂರ್ ವಡೆ: ಆ ನಾಲ್ಕು ಜನ ಯಜಮಾನ್ರೇ ಇಲ್ಲವಲ್ಲವ್ವಾ ಇಲ್ಲಿ, ಅದ್ಕೇ ನಾನೇಳದು. ಮಿಷನ್ ಹೊತ್ಕಂಡೋಗಿದ್ದು ಮಾತ್ರ ಸರಿಯಲ್ಲ, ಅದು ಅವಳ ಅನ್ನ.

ಕರಿಕೋಟು: ಜಗಳ ಆಮೇಲೆ. 2012ರ ತನಕದ ಏಳು ವರ್ಷ ಆಂಟಿಗೆ ಉಪಯೋಗಕ್ಕೆ ಬರಲ್ಲ, ಉಲ್ಟಾ ಹೊಡೆಯತ್ತೆ. ಸುಪ್ರೀಂ ಕೋರ್ಟಿನ 2010ರ ವೇಲುಸಾಮಿ ತೀರ್ಪು, ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಬರೋ 'ಮದುವೆಯ ಸ್ವರೂಪದ ಸಂಬಂಧ' ಅಂದ್ರೇನು ಅಂತ ಹೇಳಿದೆ: ಸಮಾಜದ ಕಣ್ಣಿಗೆ ದಂಪತಿ ಅಂತಲೇ ತೋರಿಸ್ಕೊಂಡಿರಬೇಕು, ಮದುವೆ ವಯಸ್ಸಾಗಿರಬೇಕು, ಮದುವೆಗೆ ಬೇರೆ ಅಡ್ಡಿ ಇರಬಾರದು, ಸ್ವಂತ ಇಚ್ಛೆಯಿಂದ ಸಾಕಷ್ಟು ಕಾಲ ಕೂಡಿ ಬಾಳಿರಬೇಕು. 2013ರ ಇಂದ್ರಾ ಶರ್ಮಾ ಪ್ರಕರಣ ನಮ್ಮ ಬೆಂಗಳೂರಿದೇ. ಆತನಿಗೆ ಹೆಂಡತಿ ಇದಾಳೆ ಅಂತ ಗೊತ್ತಿದ್ದೇ ಜೊತೆಗಿದ್ದ ಹೆಂಗಸು. ಮ್ಯಾಜಿಸ್ಟ್ರೇಟ್ ತಿಂಗಳಿಗೆ 18,000 ರೂಪಾಯಿ ಜೀವನಾಂಶ ಕೊಟ್ಟಿದ್ರು, ಹೈಕೋರ್ಟು ತೆಗೆದುಹಾಕ್ತು, ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡೀತು.

2012ರ ನಂತರ ಇಬ್ಬರಿಗೂ ಅಡ್ಡಿ ಇಲ್ಲ. ಆ 12 ವರ್ಷವನ್ನ ಬೇರೆಯಾಗಿ ಎತ್ತಿ ವಾದ ಮಾಡಬೇಕು. ಗೆಲ್ತೀವಿ ಅಂತ ನಾನು ಬರೆದುಕೊಡಲ್ಲ, ಆದ್ರೆ ವಾದ ಇದೆ.

ಅಲ್ಲಿವರೆಗೆ ಮನೆ ಬಿಟ್ಟು ಕದಲಬಾರದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇಂಥ ಹೆಂಗಸಿಗೂ ವಾಸದ ಹಕ್ಕು ಕೊಡತ್ತೆ. ಗಂಡ ತೀರಿಹೋದ ಮೇಲೂ ಆ ಹಕ್ಕು ಸಾಯಲ್ಲ ಅಂತ ವಿಧವೆಯೊಬ್ಬರ ಕೇಸಲ್ಲಿ 2022ರಲ್ಲಿ ತೀರ್ಪಾಗಿದೆ. ತಮ್ಮಂದಿರು ಆ ಮನೇಲಿ ಯಾವತ್ತೂ ವಾಸ ಇರ್ಲಿಲ್ಲ ಅಂದ್ರೆ, ಒಂದೇ ಮನೇಲಿ ಬಾಳದವರ ಮೇಲೆ ಈ ಕಾಯ್ದೆ ನಡೆಯಲ್ಲ ಅಂತ ಅವರ ವಕೀಲರು ಅದೇ ಎಳೆ ಹಿಡೀತಾರೆ. ಅದಕ್ಕೆ ಸಿವಿಲ್ ಕೋರ್ಟಲ್ಲಿ ತಡೆಯಾಜ್ಞೆಗೂ ಹಾಕಿ. ಸ್ವಾಧೀನದಲ್ಲಿರೋರನ್ನ ಕಾನೂನು ಬಿಟ್ಟು ಹೊರಗೆ ದಬ್ಬೋ ಹಾಗಿಲ್ಲ. ದುಡ್ಡಿನ ಚಿಂತೆ ಬೇಡ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿದ್ರೂ ಆಯ್ತು.

ಕಲ್ಲಹಳ್ಳಿ ಹುಡುಗ: ಬ್ಯಾಂಕಲ್ಲಿ ಎರಡು ಲಕ್ಷ ಎಫ್‌ಡಿ ಇದೆ, ನಾಮಿನಿ ಆಂಟಿನೇ. ಅದಾದ್ರೂ ಸಿಗತ್ತಲ್ಲ?

ಕರಿಕೋಟು: ಕೈಗೆ ಸಿಗತ್ತೆ, ಕೈಯಲ್ಲಿ ಉಳಿಯತ್ತೆ ಅಂತ ಹೇಳಕ್ಕಾಗಲ್ಲ. ನಾಮಿನಿ ಅಂದ್ರೆ ವಾರಸುದಾರರ ಪರವಾಗಿ ತಗೊಳ್ಳೋರು, ಒಡೆಯರಲ್ಲ. ಅರ್ಧ ಮಂಡ್ಯ ಇದನ್ನ ತಪ್ಪು ತಿಳ್ಕೊಂಡಿದೆ.

ವಿಜಯನಗರ ನಾಲ್ಕನೇ ಹಂತ: ಇದನ್ನೆಲ್ಲ ಓದಿ ಹೊಟ್ಟೇಲಿ ಕಲಸಿದ ಹಾಗಾಯ್ತು. ನಾನು ಮತ್ತು ನನ್ನ ಹುಡುಗ ಮೈಸೂರಲ್ಲಿ ಆರು ವರ್ಷದಿಂದ ಜೊತೆಗಿದೀವಿ. ಮದುವೆ ಇಬ್ಬರಿಗೂ ಬೇಡ. ಮನೆ ಓನರ್‌ಗೆ ಕಸಿನ್ಸ್ ಅಂತ ಹೇಳಿದೀವಿ, ಬಾಡಿಗೆ ಕರಾರಲ್ಲೂ ಹಾಗೇ ಇದೆ.

ಕರಿಕೋಟು: ಅಯ್ಯೋ. ದಂಪತಿ ಅಂತ ತೋರಿಸ್ಕೊಂಡಿರಬೇಕು ಅನ್ನೋ ಷರತ್ತಿಗೆ ನಿಮ್ಮ ಸಹಿಯೇ ಎದುರು ಸಾಕ್ಷಿ.

ವಿಜಯನಗರ ನಾಲ್ಕನೇ ಹಂತ: ಅಂದ್ರೆ ಮದುವೆ ಬೇಡ ಅಂತ ಬದುಕೋರಿಗೆ ಹಕ್ಕು ಬೇಕಾದ್ರೆ ಮದುವೆ ಆದೋರ ಥರ ನಟಿಸಬೇಕು? ನಿಜ ಹೇಳಿದ್ರೆ ಮನೆ ಸಿಗಲ್ಲ, ಸುಳ್ಳು ಹೇಳಿದ್ರೆ ಹಕ್ಕು ಸಿಗಲ್ಲ.

ಸರಸ್ವತಿಪುರಂ ವಾಸಿ: ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಲಿವ್-ಇನ್ ನೋಂದಣಿ ಕಡ್ಡಾಯ ಮಾಡಿದಾರೆ. ಇಲ್ಲೂ ಬಂದ್ರೆ ಈ ತಾಪತ್ರಯ ತಪ್ಪತ್ತೆ.

ಪಡುವಾರಹಳ್ಳಿ ಪದ್ಮ: ಬೇರೆ ಜಾತಿ ಹುಡುಗನ ಜೊತೆ ಇರೋ ಹುಡುಗಿ ಆಫೀಸಿಗೆ ಹೋಗಿ ಹೆಸರು ಬರೆಸಿದ್ರೆ, ಸಾಯಂಕಾಲದೊಳಗೆ ಅವಳ ದೊಡ್ಡಪ್ಪ ಬಾಗಿಲಲ್ಲಿ ನಿಂತಿರ್ತಾನೆ. ನೋಂದಣಿ ಅಂತೆ!

ಕರಿಕೋಟು: ವಿಜಯನಗರ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು, ನನ್ನ ಹತ್ರ ಅದಕ್ಕೆ ಉತ್ತರ ಇಲ್ಲ. ಇವತ್ತು ಮಾಡಬಹುದಾದ್ದು: ಇಬ್ಬರೂ ಒಂದೊಂದು ವಿಲ್ ಬರೀರಿ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯ ಅಲ್ಲ, ಇಬ್ಬರು ಸಾಕ್ಷಿ ಸಹಿ ಸಾಕು. ಸಾಕ್ಷಿ ಹಾಕೋರು ಆಸ್ತಿ ಪಡೆಯೋರಾಗಿರಬಾರದು. ನಿಮ್ಮ ಹುಡುಗನಿಗಂತೂ ವಿಲ್ ಬಿಟ್ರೆ ಬೇರೆ ದಾರಿ ಕಮ್ಮಿ, ಕೌಟುಂಬಿಕ ಹಿಂಸೆ ಕಾಯ್ದೆ ಹೆಂಗಸರಿಗೆ ಮಾತ್ರ.

ಕಲ್ಲಹಳ್ಳಿ ಹುಡುಗ: ಮೇಡಂ, ಆಂಟಿ ಈಗಷ್ಟೇ ಹಳೇ ಟ್ರಂಕ್ ತೆಗೆದ್ರು. ವೋಟರ್ ಕಾರ್ಡಲ್ಲಿ ಗಂಡನ ಹೆಸರು ಅಂತ ಅಂಕಲ್ ಹೆಸರೇ ಇದೆ, 2016ರದ್ದು. ಸ್ತ್ರೀಶಕ್ತಿ ಸಂಘದ ಸಾಲದ ಪುಸ್ತಕದಲ್ಲೂ ಹಾಗೇ. ರೇಷನ್ ಕಾರ್ಡಲ್ಲಿ ಮಾತ್ರ ಸಂಬಂಧ ಅನ್ನೋ ಕಡೆ 'ಇತರೆ' ಅಂತಿದೆ. ಅದನ್ನ ಬಿಟ್ಟು ಮಿಕ್ಕಿದ್ದು ತರ್ಲಾ?

ಕರಿಕೋಟು: ಎಲ್ಲಾ ತನ್ನಿ. ಆ 'ಇತರೆ'ಯನ್ನ ಅವರು ಹುಡುಕಿ ತರೋ ಮುಂಚೆ ನಾವೇ ಕೋರ್ಟಿಗೆ ತೋರಿಸೋಣ.