ಅಪ್ಪನಿಗೆ ಕೊರಿಯಾದ ಗಡಿ ತೋರಿಸಬೇಕು: ಡಿಎಂಝಡ್ ಟೂರ್ ಮಾಡಿದವರು ಯಾರಾದರೂ ಇದ್ದೀರಾ?

ಕಾವೇರಿಮಗಳು

ಎಲ್ಲರಿಗೂ ನಮಸ್ಕಾರ. ನಾವು ಗೋಣಿಕೊಪ್ಪದ ಕಡೆಯವರು. ತಮ್ಮ ಸಿಯೋಲ್‌ನಲ್ಲಿ ಕೆಲಸದಲ್ಲಿದ್ದಾನೆ. ಅಪ್ಪ ಅಮ್ಮನನ್ನು ಕರೆದುಕೊಂಡು ಅವನ ಹತ್ತಿರ ಹೋಗಿ ಬರೋಣ ಅಂತ ಇದ್ದೇನೆ. ಅಮ್ಮನಿಗೆ ಮಗನನ್ನು ನೋಡಿದರೆ ಸಾಕು. ಅಪ್ಪ ಮಾತ್ರ ಒಂದೇ ಒಂದು ಕೇಳಿದ್ದಾರೆ, ಜನರಲ್ ತಿಮ್ಮಯ್ಯನವರು ಕೊರಿಯಾ ಯುದ್ಧ ನಿಂತ ಮೇಲೆ ಕೆಲಸ ಮಾಡಿದ ಜಾಗ ನೋಡಬೇಕಂತೆ. ಅಪ್ಪ ಸುಬೇದಾರ್ ಆಗಿ ರಿಟೈರ್ ಆದವರು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಮ್ಯೂಸಿಯಂ ಆದ ಮೇಲೆ ಆ ಕಡೆ ಹೋದಾಗಲೆಲ್ಲ ಒಳಗೆ ಹೋಗಿಯೇ ಬರುವುದು.

ನೆಟ್‌ನಲ್ಲಿ ನೋಡಿದರೆ ಸಿಯೋಲ್‌ನಿಂದ ಒಂದು ದಿನದ ಡಿಎಂಝಡ್ (ಎರಡು ಕೊರಿಯಾಗಳ ನಡುವಿನ ಗಡಿಪಟ್ಟಿ) ಟೂರ್ ಬೇಕಾದಷ್ಟು ಇವೆ. ಕೆಲವರು ಮೂರನೇ ಸುರಂಗ ಅಂತಾರೆ, ಕೆಲವರು ಪನ್ಮುಂಜೊಮ್ ಅಂತಾರೆ, ಕೆಲವು ಬರೀ ಪಾರ್ಕಿಗೆ ಕರೆದುಕೊಂಡು ಹೋಗಿ ವಾಪಸ್ ಬರುವ ಹಾಗೆ ಕಾಣುತ್ತದೆ. ಯಾವುದು ಏನು ಅಂತ ಗೊತ್ತಾಗುತ್ತಿಲ್ಲ. ಟೂರ್ ಬೇಡ, ತಮ್ಮನ ಕಾರಿನಲ್ಲೇ ಹೋಗಿ ನೋಡಿಕೊಂಡು ಬರಬಹುದಾ? ಅಪ್ಪನಿಗೆ ಎಪ್ಪತ್ತು ದಾಟಿದೆ, ಒಂದು ಮಂಡಿ ಸರಿ ಇಲ್ಲ, ಬಿಪಿ ಮಾತ್ರೆ ತಗೊಳ್ತಾರೆ. ಅವರಿಗೆ ಸುರಂಗ ಇಳಿಯಲು ಆಗುತ್ತದಾ? ಅಮ್ಮ ಟಿವಿ ನ್ಯೂಸ್ ನೋಡಿ ಹೆದರಿದ್ದಾರೆ, ಅವರಿಗೆ ಏನು ಹೇಳಲಿ? ಕಾಫಿ ಕುಯ್ದು ಮುಗಿದು, ಹೂಮಳೆ ಬಂದು ಹೋದ ಮೇಲೆ ನಮಗೆ ಬಿಡುವು. ಅಂದರೆ ಏಪ್ರಿಲ್ ಕೊನೆ, ಮೇ ಮೊದಲ ವಾರ. ಆಗ ಹೋದರೆ ಸರಿನಾ?

ಬೆಟ್ಟದಹಾದಿ

ಅಕ್ಕ, ನಾನು ಹೋಗಿ ಬಂದಿದ್ದೇನೆ. ಗೊತ್ತಿರುವಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲು ಕಾರಿನ ವಿಷಯ. ಇಮ್ಜಿಂಗಾಕ್ ಅನ್ನುವ ಪಾರ್ಕ್‌ವರೆಗೆ ಯಾರು ಬೇಕಾದರೂ ಸ್ವಂತ ಗಾಡಿಯಲ್ಲಿ ಹೋಗಬಹುದು. ಅದು ಪಾಜು ಊರಿನ ಕಡೆ, ಇಮ್ಜಿನ್ ಹೊಳೆಯ ಈಚೆ ದಡದಲ್ಲಿದೆ. ಹೊಳೆ ದಾಟಿದರೆ ಸೇನೆಯ ಹಿಡಿತದಲ್ಲಿರುವ ಜಾಗ, ಅಲ್ಲಿನ ಸುರಂಗದ ಕಡೆಗೆ ನಮ್ಮಂಥವರು ಹೋಗುವುದಾದರೆ ಟೂರ್ ಬಸ್ಸಿನಲ್ಲೇ ಹೋಗಬೇಕು. ಇಮ್ಜಿಂಗಾಕ್‌ನಲ್ಲೇ ಟಿಕೆಟ್ ಕೊಂಡು ಅಲ್ಲಿನ ಬಸ್ ಹತ್ತುವ ವ್ಯವಸ್ಥೆಯೂ ಇದೆ. ಆದರೆ ದಿನಕ್ಕೆ ಇಷ್ಟೇ ಟಿಕೆಟ್, ಬೆಳಿಗ್ಗೆ ಬೇಗ ಹೋಗಿ ಕ್ಯೂ ನಿಲ್ಲಬೇಕು. ವಯಸ್ಸಾದವರ ಜೊತೆ ಆ ಪರದಾಟ ಬೇಡ. ಸಿಯೋಲ್‌ನಿಂದಲೇ ಹೊರಡುವ ಟೂರ್ ಬುಕ್ ಮಾಡಿ.

ಪನ್ಮುಂಜೊಮ್ ಅಂದರೆ ಎರಡೂ ಕಡೆಯವರು ಎದುರುಬದುರು ಕೂರುವ ಆ ನೀಲಿ ಶೆಡ್‌ಗಳ ಜಾಗ. 2023ರ ಜುಲೈನಲ್ಲಿ ಟೂರಿಗೆ ಬಂದಿದ್ದ ಅಮೆರಿಕದ ಸೈನಿಕನೊಬ್ಬ ಗುಂಪಿನಿಂದ ಓಡಿ ಉತ್ತರ ಕೊರಿಯಾ ಕಡೆಗೆ ದಾಟಿಬಿಟ್ಟ. ಅದಾದ ಮೇಲೆ ಅಲ್ಲಿನ ಟೂರ್ ನಿಲ್ಲಿಸಿದರು. ಈಗಲೂ ಜಾಹೀರಾತಿನಲ್ಲಿ ಆ ನೀಲಿ ಶೆಡ್‌ಗಳ ಫೋಟೋ ಹಾಕುವವರು ಇದ್ದಾರೆ. ದುಡ್ಡು ಕಟ್ಟುವ ಮೊದಲು "ಪನ್ಮುಂಜೊಮ್ ಒಳಗೆ ಹೋಗುತ್ತೀರಾ, ಇಲ್ವಾ" ಅಂತ ಮೆಸೇಜ್ ಮಾಡಿ ಉತ್ತರ ತರಿಸಿಕೊಳ್ಳಿ. ಸಾಮಾನ್ಯ ಟೂರ್ ಅಂದರೆ ಇಮ್ಜಿಂಗಾಕ್, ಮೂರನೇ ಸುರಂಗ, ದೋರಾ ವೀಕ್ಷಣಾಲಯ, ಇಷ್ಟು.

ಒರಿಜಿನಲ್ ಪಾಸ್‌ಪೋರ್ಟ್ ಬೇಕೇ ಬೇಕು, ಜೆರಾಕ್ಸ್, ಮೊಬೈಲಿನ ಫೋಟೋ ಯಾವುದೂ ನಡೆಯಲ್ಲ. ಹೊಳೆಗೆ ಕಟ್ಟಿದ ಏಕೀಕರಣ ಸೇತುವೆ ಹತ್ತಿರ ಬಸ್ ನಿಲ್ಲಿಸಿ ಸೈನಿಕರು ಒಳಗೆ ಬರುತ್ತಾರೆ. ನಮ್ಮ ಬಸ್ ಹತ್ತಿದ ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಪಾಸ್‌ಪೋರ್ಟಿನ ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿ ಮುಂದಿನ ಸೀಟಿಗೆ ಹೋದ. ಒಂದು ಮಾತಿಲ್ಲ. ಬಸ್ಸಿನಲ್ಲಿ ಅಲ್ಲಿಯವರೆಗೆ ಗಲಾಟೆ ಮಾಡುತ್ತಿದ್ದವರೆಲ್ಲ ಸುಮ್ಮನಾದರು. ಸೇತುವೆ ಮೇಲೆ ಅಡೆತಡೆಗಳನ್ನು ಅಡ್ಡಡ್ಡ ಇಟ್ಟಿರುತ್ತಾರೆ, ಯಾವ ಗಾಡಿಯೂ ನೇರ ನುಗ್ಗಬಾರದು ಅಂತ. ಬಸ್ ಎಡಕ್ಕೆ ಬಲಕ್ಕೆ ತಿರುಗಿಸಿಕೊಂಡು ನಿಧಾನ ಹೋಗುತ್ತದೆ. ಹ್ಯುಂಡೈ ಕಂಪನಿ ಕಟ್ಟಿದ ಚುಂಗ್ ಜು ಯುಂಗ್ 1998ರಲ್ಲಿ ಲಾರಿಗಳಲ್ಲಿ ದನ ತುಂಬಿಕೊಂಡು ಉತ್ತರಕ್ಕೆ ಕೊಟ್ಟು ಬಂದದ್ದು ಈ ದಾರಿಯಲ್ಲೇ. ಎರಡು ಸಲ ಸೇರಿ 1,001 ದನ. ಅವರ ಹುಟ್ಟೂರು ಗಡಿಯ ಆಚೆ ಉಳಿದುಹೋಗಿತ್ತು.

ಈಗ ಸುರಂಗ. ಉತ್ತರದವರು ಗುಟ್ಟಾಗಿ ಕೊರೆದದ್ದು, 1978ರಲ್ಲಿ ಸಿಕ್ಕಿತು. ನೆಲದಿಂದ 73 ಮೀಟರ್ ಕೆಳಗೆ, ಒಟ್ಟು 1,635 ಮೀಟರ್ ಉದ್ದ. ಸಿಕ್ಕಿಬಿದ್ದಾಗ ಅದು ಕಲ್ಲಿದ್ದಲು ಗಣಿ ಅಂದರಂತೆ, ಗೋಡೆಗೆ ಕಪ್ಪು ಬಳಿದದ್ದು ಈಗಲೂ ಕಾಣುತ್ತದೆ. ಬಂಡೆ ನೋಡಿದರೆ ಗ್ರಾನೈಟ್. ಪ್ರವಾಸಿಗರು ಇಳಿಯಲು ಬೇರೆ ಇಳಿಜಾರು ದಾರಿ ಮಾಡಿದ್ದಾರೆ. ಇಳಿಯುವುದು ಏನೂ ಕಷ್ಟ ಅಲ್ಲ, ವಾಪಸ್ ಹತ್ತುವಾಗ ಏದುಸಿರು ಬಿಡಬೇಕಾಗುತ್ತದೆ. ಅಪ್ಪ ತಲಕಾವೇರಿಯಲ್ಲಿ ಬ್ರಹ್ಮಗಿರಿಯ ಮೆಟ್ಟಿಲು ನಿಂತು ನಿಂತಾದರೂ ಹತ್ತುತ್ತಾರೆ ಅಂದರೆ ಇದನ್ನೂ ಹತ್ತಬಹುದು. ಆದರೆ ಒಳಗೆ ಸೂರು ತಗ್ಗು, ಎತ್ತರದವರು ಬಗ್ಗಿಕೊಂಡೇ ನಡೆಯಬೇಕು, ಮಂಡಿಗೆ ಅದೇ ಜಾಸ್ತಿ ತೊಂದರೆ. ಹೆಲ್ಮೆಟ್ ಕೊಡುತ್ತಾರೆ, ನನ್ನದು ಬಂಡೆಗೆ ಬೇಕಾದಷ್ಟು ಸಲ ತಾಗಿತು. ಮೊಬೈಲ್, ಬ್ಯಾಗು ಎಲ್ಲ ಲಾಕರ್‌ನಲ್ಲಿ ಇಟ್ಟು ಹೋಗಬೇಕು. ಕೊನೆಗೆ ಒಂದು ಕಾಂಕ್ರೀಟ್ ಗೋಡೆ, ಅದರಲ್ಲಿ ಸಣ್ಣ ಕಿಂಡಿ. ಗಡಿರೇಖೆ ಅಲ್ಲಿಂದ 170 ಮೀಟರ್ ಅಷ್ಟೆ. ಡಾಕ್ಟರನ್ನು ಒಂದು ಮಾತು ಕೇಳಿ. ಬೇಡ ಅಂದರೆ ಅಪ್ಪ ಮೇಲೆಯೇ ಕೂತಿರಲಿ, ಅಲ್ಲೂ ನೋಡುವುದಿದೆ.

ನನಗೆ ಹಿಡಿಸಿದ್ದು ದೋರಾ ವೀಕ್ಷಣಾಲಯ. ಗುಡ್ಡದ ತುದಿಯಲ್ಲಿ ಸಾಲಾಗಿ ದುರ್ಬೀನು ಇಟ್ಟಿದ್ದಾರೆ. ಆಚೆ ಕೇಸಾಂಗ್ ಊರು, ಎರಡೂ ದೇಶದವರು ಒಟ್ಟಿಗೆ ನಡೆಸಿ 2016ರಲ್ಲಿ ಮುಚ್ಚಿದ ಕಾರ್ಖಾನೆಗಳ ಜಾಗ, ಎಲ್ಲ ಕಾಣುತ್ತದೆ. ಉತ್ತರದ ಧ್ವಜಸ್ತಂಭ 160 ಮೀಟರ್, ದಕ್ಷಿಣದ್ದು ಸುಮಾರು 100. ಮಂಜು ಇದ್ದರೆ ಏನೂ ಕಾಣಲ್ಲ. ಹಿಂದಿನ ದಿನ ಹವಾಮಾನ ನೋಡಿಕೊಳ್ಳಿ.

ಸೋಮವಾರ ಈ ಟೂರ್ ಇರುವುದಿಲ್ಲ. ಗಡಿಯಲ್ಲಿ ಏನಾದರೂ ಆದರೆ ಹಿಂದಿನ ರಾತ್ರಿ ಕೂಡ ರದ್ದು ಮಾಡಬಹುದು, ಅದಕ್ಕೇ ನೀವು ಇರುವ ದಿನಗಳಲ್ಲಿ ಮೊದಮೊದಲಿಗೇ ಬುಕ್ ಮಾಡಿ. ರದ್ದಾದರೆ ಇನ್ನೊಂದು ದಿನ ಸಿಗುತ್ತದೆ. ಅಮ್ಮನಿಗೆ ಇದನ್ನೇ ಹೇಳಿ, ಸ್ವಲ್ಪ ಅನುಮಾನ ಬಂದರೂ ಸೇನೆಯವರೇ ಒಳಗೆ ಬಿಡುವುದಿಲ್ಲ. ಏಪ್ರಿಲ್ ಕೊನೆ ಒಳ್ಳೆಯ ಸಮಯ, ಚಳಿ ಕಳೆದಿರುತ್ತದೆ.

ಹಳೇಕಾಗದ

ಟೂರಿನ ವಿಷಯ ಮೇಲಿನವರು ಹೇಳಿದ್ದಾರೆ. ತಿಮ್ಮಯ್ಯನವರ ವಿಷಯ ನಾನು ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಅಪ್ಪ ಹೋಗುತ್ತಿರುವುದು ಅದಕ್ಕೇ ಅಲ್ವಾ.

1953ರ ಜುಲೈ 27ಕ್ಕೆ ಕೊರಿಯಾ ಯುದ್ಧ ನಿಂತಿತು. ಕದನವಿರಾಮ ಅಷ್ಟೆ, ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಎರಡೂ ಸೇನೆ ರೇಖೆಯಿಂದ ಎರಡೆರಡು ಕಿಲೋಮೀಟರ್ ಹಿಂದೆ ಸರಿದವು. ನಡುವೆ ಉಳಿದ ನಾಲ್ಕು ಕಿಲೋಮೀಟರ್ ಅಗಲದ ಪಟ್ಟಿಯೇ ಡಿಎಂಝಡ್. ಸಮಸ್ಯೆ ಉಳಿದದ್ದು ಸೆರೆಯಾಳುಗಳದ್ದು. ಚೀನಾ ಮತ್ತು ಉತ್ತರ ಕೊರಿಯಾದ 22,000ಕ್ಕೂ ಹೆಚ್ಚು ಸೈನಿಕರು ಊರಿಗೆ ವಾಪಸ್ ಹೋಗಲ್ಲ ಅಂದರು. ದಕ್ಷಿಣದ ಪರ ಹೋರಾಡಿ ಸೆರೆಸಿಕ್ಕವರಲ್ಲೂ ಕೆಲವು ನೂರು ಜನ ಹಾಗೇ ಅಂದರು. ಇವರನ್ನು ಯಾರಿಗೂ ಒಪ್ಪಿಸದೆ ನಡುವೆ ಇಟ್ಟುಕೊಂಡು, ಒಬ್ಬೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಕೇಳಲು ಐದು ದೇಶಗಳ ಆಯೋಗ ಆಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ, ಭಾರತ. ಅಧ್ಯಕ್ಷರು ತಿಮ್ಮಯ್ಯನವರು. ಸೆರೆಯಾಳುಗಳನ್ನು ಕಾಯಲು ಹೋದ ಭಾರತದ ಪಡೆಯ ಮುಖ್ಯಸ್ಥರು ಮೇಜರ್ ಜನರಲ್ ಥೋರಾಟ್.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀಗೆ ಭಾರತದ ಮೇಲೆ ಸಿಟ್ಟು. ಭಾರತದ ಸೈನಿಕರು ತಮ್ಮ ನೆಲ ತುಳಿಯಬಾರದು ಅಂದುಬಿಟ್ಟರು. ಹಾಗಾಗಿ ಇಂಚಾನ್ ಹತ್ತಿರ ಹಡಗಿನಿಂದಲೇ ಅಮೆರಿಕದ ಹೆಲಿಕಾಪ್ಟರ್‌ಗಳಲ್ಲಿ ನಮ್ಮವರನ್ನು ಎತ್ತಿ ಡಿಎಂಝಡ್‌ನಲ್ಲಿ ಇಳಿಸಿದರು. ಅಲ್ಲಿ ಟೆಂಟು ಹಾಕಿ ಊರೇ ಕಟ್ಟಿದರು, ಹಿಂದ್ ನಗರ ಅಂತ ಹೆಸರು. ಸೆರೆಯಾಳುಗಳ ಶಿಬಿರದೊಳಗೆ ಎರಡು ಬಣ ಹೊಡೆದಾಡುತ್ತಿದ್ದವು, ಹೊರಗೆ ಎರಡು ಸರ್ಕಾರಗಳೂ ಭಾರತವನ್ನೇ ಬೈಯುತ್ತಿದ್ದವು. ಅದರ ಮಧ್ಯೆ ಕೂತು ಆ ಕೆಲಸ ಮುಗಿಸಿದರಲ್ಲ, ನನಗೆ ತಿಮ್ಮಯ್ಯನವರ ಎಲ್ಲ ಕೆಲಸಗಳಲ್ಲಿ ಇದೇ ದೊಡ್ಡದು ಅನ್ನಿಸುತ್ತದೆ. ಕಾಶ್ಮೀರದ ಯುದ್ಧದಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ್ದನ್ನು ಎಲ್ಲರೂ ಹೇಳುತ್ತಾರೆ, ಇದನ್ನು ಹೇಳುವವರು ಕಮ್ಮಿ. ಕೊನೆಗೆ ಬಹುತೇಕ ಜನ ವಾಪಸ್ ಹೋಗಲು ಒಪ್ಪಲೇ ಇಲ್ಲ. ಎರಡೂ ಕಡೆ ಬೇಡ ಅಂದ 88 ಜನ 1954ರಲ್ಲಿ ನಮ್ಮ ಸೈನಿಕರ ಜೊತೆ ಹಡಗಿನಲ್ಲಿ ಭಾರತಕ್ಕೆ ಬಂದರು.

ಹಿಂದ್ ನಗರ ಇದ್ದ ಜಾಗಕ್ಕೆ ಈ ಬಸ್ಸುಗಳು ಹೋಗುವುದಿಲ್ಲ, ಅಪ್ಪನಿಗೆ ಮೊದಲೇ ಹೇಳಿಬಿಡಿ. ಆದರೆ ಇಮ್ಜಿಂಗಾಕ್‌ನಲ್ಲಿ ಸ್ವಾತಂತ್ರ್ಯ ಸೇತುವೆ ಅಂತ ಒಂದು ಮರದ ಸೇತುವೆ ಇದೆ. 1953ರಲ್ಲಿ 12,773 ಸೆರೆಯಾಳುಗಳು ಬಿಡುಗಡೆಯಾಗಿ ದಕ್ಷಿಣಕ್ಕೆ ಬಂದ ದಾರಿ ಅದು. ಅವರು ಮನೆಗೆ ಹೋಗಲು ಒಪ್ಪಿದವರು. ತಿಮ್ಮಯ್ಯನವರ ಪಾಲಿಗೆ ಬಂದದ್ದು ಒಪ್ಪದವರು. ಅಪ್ಪನಿಗೆ ಇಷ್ಟು ಹೇಳಿ ಆ ಸೇತುವೆ ಮುಂದೆ ನಿಲ್ಲಿಸಿದರೆ ಉಳಿದದ್ದನ್ನು ಅವರೇ ನಿಮಗೆ ಹೇಳುತ್ತಾರೆ.

ಸಿಯೋಲ್‌ನಲ್ಲಿ ಯುದ್ಧ ಸ್ಮಾರಕ ಮ್ಯೂಸಿಯಂ ಇದೆ, ಅದನ್ನು ಬಿಡಬೇಡಿ. ಪ್ರವೇಶ ಉಚಿತ, ಅದಕ್ಕೂ ಸೋಮವಾರ ರಜೆ. ಯುದ್ಧ ನಡೆಯುವಾಗ ಭಾರತದ ಕಡೆಯಿಂದ ಗಾಯಾಳುಗಳನ್ನು ನೋಡಿಕೊಂಡದ್ದು ಲೆಫ್ಟಿನೆಂಟ್ ಕರ್ನಲ್ ರಂಗರಾಜ್ ಅವರ 60 ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಅನ್ನುವ ಸೇನಾ ವೈದ್ಯಕೀಯ ತಂಡ. ವೈದ್ಯಕೀಯ ನೆರವು ಕೊಟ್ಟ ದೇಶಗಳಲ್ಲಿ ಭಾರತದ ಹೆಸರು ಅಲ್ಲಿ ಇದೆ.

ಮೆಣಸಿನಬಳ್ಳಿ

ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನನಗೆ ಈ ಟೂರ್ ಹಿಡಿಸಲಿಲ್ಲ. ಇಮ್ಜಿಂಗಾಕ್‌ನಲ್ಲಿ ಒಂದು ಕಡೆ ಸಾವಿರಕ್ಕೂ ಹೆಚ್ಚು ಗುಂಡಿನ ತೂತು ಬಿದ್ದ ರೈಲು ಎಂಜಿನ್ ನಿಲ್ಲಿಸಿದ್ದಾರೆ, ಬೇಲಿಯ ತುಂಬ ಆಚೆ ಉಳಿದವರನ್ನು ನೆನೆದು ಕಟ್ಟಿದ ರಿಬ್ಬನ್‌ಗಳು. ಇನ್ನೊಂದು ಕಡೆ ಮಕ್ಕಳ ಆಟದ ಪಾರ್ಕು, ತೂಗುವ ದೋಣಿ, ಐಸ್‌ಕ್ರೀಮ್, ಹೊಳೆ ಮೇಲೆ ಕೇಬಲ್ ಕಾರು. ಅಣ್ಣ ತಮ್ಮ ಬೇರೆ ಆದ ಮನೆಯನ್ನು ಟಿಕೆಟ್ ಕೊಟ್ಟು ತೋರಿಸಬಾರದು ಅಂತ ನನ್ನ ಅಭಿಪ್ರಾಯ. ನಮ್ಮ ಬಸ್ಸಿನಲ್ಲಿ ಬಂದವರು ದುರ್ಬೀನಿನಲ್ಲಿ ಆಚೆ ಗದ್ದೆಯಲ್ಲಿ ಕೆಲಸ ಮಾಡುವ ಮನುಷ್ಯರನ್ನು ಹುಡುಕುತ್ತಿದ್ದರು, ಒಬ್ಬ ಕಂಡರೆ ಕೂಗು ಬೇರೆ. ಆಚೆ ಇರುವವನೂ ರೈತ ಅಲ್ವಾ? ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಬೆಟ್ಟದಹಾದಿ

ನೀವು ಹೇಳುವುದು ಅರ್ಥ ಆಗುತ್ತದೆ. ಆದರೆ ಆ ಜಾಗ ಕಟ್ಟಿದ್ದು ನಮ್ಮಂಥವರಿಗೆ ಅಲ್ಲ. ಇಮ್ಜಿಂಗಾಕ್ ಶುರುವಾದದ್ದೇ ಉತ್ತರದಲ್ಲಿ ಮನೆ ಬಿಟ್ಟು ಬಂದವರಿಗಾಗಿ. ಅಲ್ಲಿ ಮಂಗ್‌ಬೇದಾನ್ ಅನ್ನುವ ಕಲ್ಲಿನ ಪೀಠ ಇದೆ. ಹೊಸ ವರ್ಷಕ್ಕೆ, ಚುಸೋಕ್ ಹಬ್ಬಕ್ಕೆ ಮುದುಕರು ಬಂದು ಎಡೆ ಇಟ್ಟು ಉತ್ತರಕ್ಕೆ ಮುಖ ಮಾಡಿ ಹಿರಿಯರಿಗೆ ಅಡ್ಡ ಬೀಳುತ್ತಾರೆ, ಯಾಕೆಂದರೆ ಊರಿನ ಸಮಾಧಿ ಹತ್ತಿರ ಹೋಗಲು ಆಗುವುದಿಲ್ಲ. ಕೊಡಗಿನಲ್ಲಿ ಗುರುಕಾರೋಣರಿಗೆ (ಮನೆತನದ ಹಿರಿಯರಿಗೆ) ಮೀದಿ (ಎಡೆ) ಇಡುವವರಿಗೆ ಇದು ಎಷ್ಟು ದೊಡ್ಡ ಸಂಕಟ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೊಮ್ಮಕ್ಕಳು ಆಚೆ ಆಟ ಆಡುತ್ತಿದ್ದರೆ ಅದರಲ್ಲಿ ತಪ್ಪೇನು? ನೋಡುವುದು ತಪ್ಪಲ್ಲ, ಹೇಗೆ ನೋಡುತ್ತೇವೆ ಅನ್ನುವುದು ಮುಖ್ಯ. ಕೂಗಿದವರ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ.

ರಿಟೈರ್ಡ್ ಹವಾಲ್ದಾರ್

ಮಗಳೇ, ಅಪ್ಪನನ್ನು ಖಂಡಿತ ಕರೆದುಕೊಂಡು ಹೋಗು. ವಾಘಾದಲ್ಲಿ ಸಂಜೆ ನಡೆಯುವ ಕವಾಯತಿನ ಹಾಗೆ ಅಲ್ಲಿ ಏನೂ ಇಲ್ಲ, ಚಪ್ಪಾಳೆ, ಘೋಷಣೆ ಇಲ್ಲ. ಗಡಿ ಕಾದವನಿಗೆ ಅದೇ ಸರಿ ಅನ್ನಿಸುತ್ತದೆ. ಒಂದು ಮಾತು. ಸೈನಿಕರ, ಚೆಕ್‌ಪೋಸ್ಟಿನ ಫೋಟೋ ತೆಗೆಯಬೇಡಿ, ಗೈಡ್ ಇಲ್ಲಿ ತೆಗೆಯಿರಿ ಅಂದ ಕಡೆ ಮಾತ್ರ ತೆಗೆಯಿರಿ. ಹಾಕಿದ ದಾರಿ ಬಿಟ್ಟು ಹುಲ್ಲಿಗೆ ಕಾಲಿಡಬೇಡಿ. ಬೇಲಿಗಳ ಮೇಲೆ ಕೆಂಪು ಮುಕ್ಕೋನದ ಬೋರ್ಡು ಇರುತ್ತದೆ, ನೆಲಬಾಂಬು ಇದೆ ಅಂತ ಅರ್ಥ. ಜನ ಹೋಗದೆ ಅಲ್ಲಿ ಈಗ ಕಾಡು ಬೆಳೆದಿದೆ, ಕೆಂಪು ನೆತ್ತಿಯ ಕೊಕ್ಕರೆಗಳು ಚಳಿಗಾಲಕ್ಕೆ ಬರುತ್ತವೆ, ಆದರೆ ಬಾಂಬು ಹಾಗೇ ಇವೆ.

ಅಪ್ಪನಿಗೆ ಇನ್ನೊಂದು ವಿಷಯ ನೆನಪಿಸು. ತಿಮ್ಮಯ್ಯನವರು 1965ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆ ಪಡೆಯ ಮುಖ್ಯಸ್ಥರಾಗಿ. ಅಲ್ಲೂ ಇಬ್ಬರು ಜಗಳಗಾರರ ನಡುವೆ ನಿಲ್ಲುವ ಕೆಲಸವೇ. ಅಪ್ಪನಿಗೆ ಗೊತ್ತಿದ್ದೇ ಇರುತ್ತದೆ, ಆದರೂ ಹೇಳು.

ಕಾವೇರಿಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹವಾಲ್ದಾರ್ ಅಂಕಲ್, ನಿಮ್ಮ ಮೆಸೇಜ್ ಅಪ್ಪನಿಗೆ ಓದಿ ಹೇಳಿದೆ, ನಿಮ್ಮದು ಯಾವ ರೆಜಿಮೆಂಟ್ ಅಂತ ಕೇಳುತ್ತಿದ್ದಾರೆ. 88 ಜನರ ವಿಷಯ ಅವರಿಗೆ ಗೊತ್ತಿತ್ತು, ಹೆಲಿಕಾಪ್ಟರ್ ವಿಷಯ ಗೊತ್ತಿರಲಿಲ್ಲ. ಮೆಣಸಿನಬಳ್ಳಿ ಅಕ್ಕ, ನೀವು ಹೇಳಿದ್ದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ.

ಏಪ್ರಿಲ್ ಕೊನೆ ವಾರಕ್ಕೆ ನೋಡುತ್ತಿದ್ದೇವೆ. ಸುರಂಗ ಡಾಕ್ಟರ್ ಹೇಳಿದ ಹಾಗೆ. ಸುರಂಗಕ್ಕೆ ಇಳಿಯಲು ಪುಟ್ಟ ರೈಲು ಇದೆ ಅಂತ ತಮ್ಮ ಹೇಳಿದ, ನಿಜನಾ?

ಬೆಟ್ಟದಹಾದಿ

ಇದೆ ಅಕ್ಕ, ಮಾನೊರೈಲು. ಆದರೆ ಎಲ್ಲ ಟೂರಿನಲ್ಲೂ ಅದು ಸೇರಿರುವುದಿಲ್ಲ, ಹೆಚ್ಚಿನವರು ನಡೆಸಿಯೇ ಕರೆದುಕೊಂಡು ಹೋಗುತ್ತಾರೆ. ಪನ್ಮುಂಜೊಮ್ ವಿಷಯ ಕೇಳುವ ಮೆಸೇಜಿನಲ್ಲೇ ಇದನ್ನೂ ಕೇಳಿಬಿಡಿ, ಮಂಡಿ ನೋವಿನವರು ಇದ್ದಾರೆ ಅಂತ ಬರೆಯಿರಿ. ಅದರೊಳಗೂ ತಲೆ ಬಗ್ಗಿಸಿಯೇ ಕೂರಬೇಕು. ವೀಸಾಗೆ ಈಗಲೇ ಅರ್ಜಿಯ ಕಾಗದ ಜೋಡಿಸಲು ಶುರು ಮಾಡಿ, ನಮಗೆ ವೀಸಾ ಇಲ್ಲದೆ ಸಿಯೋಲ್ ಪ್ರವೇಶ ಇಲ್ಲ, ತಮ್ಮನ ಕಡೆಯಿಂದ ಆಹ್ವಾನ ಪತ್ರ ತರಿಸಿಕೊಂಡರೆ ಸುಲಭ.