ಲೆಕ್ಕ ಕೇಳೋಣ, ಆದರೆ ತಿಂಗಳು ತಿಂಗಳೂ ಕೊಡೋಣ

ಕೊಪ್ಪಳ ತಂಗಿ: ನಮ್ಮ ಮನೆತನದ ಈ ಗುಂಪಿನ ಎಲ್ಲ ಹಿರಿಯರಿಗೂ ನಮಸ್ಕಾರ. ಭಾಗ್ಯನಗರದ ಕಡೆ ಗಾಯಗೊಂಡ ನಾಯಿ, ಕರು, ಕತ್ತೆಗಳನ್ನು ಆರೈಕೆ ಮಾಡುವ ನಮ್ಮ ಕಾಲೇಜು ಹುಡುಗರ ತಂಡವೊಂದಿದೆ. ಅವರ ಮನವಿಯ ಚಿತ್ರವನ್ನು ಮೇಲೆ ಹಾಕಿದ್ದೇನೆ. ಅದರಲ್ಲಿರುವ ನಾಯಿಯ ಕಿವಿಯ ಹಿಂದೆ ಗಾಯವಾಗಿ ಹುಳು ಬಿದ್ದಿದೆ. "ಈ ಮೂಕಜೀವಕ್ಕೆ ನಿಮ್ಮ ನೂರು ರೂಪಾಯಿ" ಎಂದು ಕೇಳಿದ್ದಾರೆ. ಉಳಿದ ಹಣವನ್ನು ಬೀದಿ ನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬಳಸುತ್ತಾರಂತೆ. ಕೆಳಗಿನ ಕ್ಯೂಆರ್ ಕೋಡಿಗೆ ತಾವೆಲ್ಲ ಕೈಲಾದಷ್ಟು ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ಗಂಗಾವತಿ ಕಾಕಾ: ಆ ಕೋಡನ್ನು ಸ್ಕ್ಯಾನ್ ಮಾಡಿ ನೋಡಿದೆ. ಯಾವುದೋ ಹುಡುಗನ ಸ್ವಂತ ಹೆಸರು ಬರುತ್ತದೆಯೇ ಹೊರತು ಸಂಸ್ಥೆಯ ಹೆಸರು ಬರುವುದಿಲ್ಲ. ನಮ್ಮ ರೈಸ್‌ಮಿಲ್ಲಿನಿಂದ ಒಂದು ಚೀಲ ನುಚ್ಚು ಹೊರಗೆ ಹೋದರೂ ಚೀಟಿ ಬರೆದು ಕಳಿಸುತ್ತೇವೆ. ಆ ಹುಡುಗ ಒಳ್ಳೆಯವನೇ ಇರಬಹುದು, ಆದರೆ ನಾಳೆ ಯಾರಾದರೂ ಲೆಕ್ಕ ಕೇಳಿದರೆ ಅವನು ಏನನ್ನು ತೋರಿಸುತ್ತಾನೆ? ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ರಸೀದಿ ಕೊಡದವರಿಗೆ ನಾನು ಹಣ ಹಾಕುವುದಿಲ್ಲ. ಅಲ್ಲದೆ ಗಿಣಿಗೇರಿ ಸುತ್ತ ಇಷ್ಟೊಂದು ಕಾರ್ಖಾನೆಗಳಿರುವಾಗ ಮನೆಮನೆಯ ಗುಂಪಿನಲ್ಲಿ ನೂರು ರೂಪಾಯಿ ಬೇಡುವುದೇಕೆ?

ರಾಯಚೂರು ಅತ್ತೆ: ನನಗೆ ರಸೀದಿಯ ಚಿಂತೆಯಿಲ್ಲ, ಮಕ್ಕಳ ಚಿಂತೆ. ನಮ್ಮ ಓಣಿಯ ಕೋಳಿ ಅಂಗಡಿಯ ಮುಂದೆ ಸಂಜೆಯಾದರೆ ನಾಯಿಗಳ ಹಿಂಡೇ ನಿಲ್ಲುತ್ತದೆ. ಟ್ಯೂಷನ್‌ಗೆ ಹೋಗುವ ಮಕ್ಕಳು ಕೈಯಲ್ಲಿ ಕೋಲು ಹಿಡಿದು ಹೋಗಬೇಕಾಗಿದೆ. ಕಚ್ಚಿಸಿಕೊಂಡ ಮಗುವಿನ ಚುಚ್ಚುಮದ್ದಿಗೆ ಓಡಾಡುವವರಿಗೆ ಯಾರೂ ಮನವಿ ಮಾಡುವುದಿಲ್ಲ, ಕಚ್ಚುವ ನಾಯಿಗೆ ಮಾತ್ರ ಮನವಿ ಬರುತ್ತದೆ.

ದೊಡ್ಡಪ್ಪ: ಕೊಡುವ ಮನಸ್ಸಿದ್ದರೆ ಗವಿಮಠದ ದಾಸೋಹ ಇದೆ. ಜಾತ್ರೆಗೆ ಹಳ್ಳಿಹಳ್ಳಿಯಿಂದ ಬರುವ ರೊಟ್ಟಿಗೆ ಯಾರೂ ರಸೀದಿ ಕೇಳುವುದಿಲ್ಲ, ಏಕೆಂದರೆ ಉಣ್ಣುವವರು ಕಣ್ಣೆದುರಿಗೇ ಕುಳಿತಿರುತ್ತಾರೆ. ಗೋವಿನ ಸೇವೆ ಮಾಡುವುದಾದರೆ ಸರ್ಕಾರವೇ 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ತಂದಿದೆ. ಇಂಥ ಗೊತ್ತಿಲ್ಲದ ತಂಡಗಳಿಗೆ ಕೊಡುವ ಅಗತ್ಯ ನನಗೆ ಕಾಣುತ್ತಿಲ್ಲ.

ನಾನು: ದೊಡ್ಡಪ್ಪ, ಕಾಕಾ, ನೀವಿಬ್ಬರೂ ಎತ್ತಿದ ಮಾತುಗಳು ನ್ಯಾಯವಾದವು. ಆದರೆ ಅವುಗಳಿಂದ ಕೊಡಬಾರದೆಂಬ ತೀರ್ಮಾನ ಹೊರಡುವುದಿಲ್ಲ ಎಂಬುದೇ ನನ್ನ ವಾದ. ಬಳ್ಳಾರಿಯ ಲೆಕ್ಕಪರಿಶೋಧಕರ ಕಚೇರಿಯಲ್ಲಿ ನಾನು ದಿನವೂ ನೋಡುವ ಕಡತಗಳಲ್ಲಿ ಇಂಥ ಸಣ್ಣ ಸಂಘಗಳವೂ ಇರುತ್ತವೆ.

ಮೊದಲು ಖಾತೆಯ ವಿಷಯ. ಸ್ವಂತ ಖಾತೆಗೆ ಹಣ ತರಿಸಿಕೊಳ್ಳುವುದರಿಂದ ನಮಗಿಂತ ಆ ಹುಡುಗನಿಗೇ ಹೆಚ್ಚು ಅಪಾಯ. ಬಂಧುಗಳಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಹೀಗೆ ಬಂದ ಹಣ 50,000 ರೂಪಾಯಿ ದಾಟಿತೆಂದರೆ, ದಾಟಿದ ಭಾಗ ಮಾತ್ರವಲ್ಲ, ಅಷ್ಟೂ ಹಣ ಅವನ ಆದಾಯವೆಂದೇ ಲೆಕ್ಕಕ್ಕೆ ಬರುತ್ತದೆ. ಔಷಧಿಗೆ ಖರ್ಚು ಮಾಡಿದ್ದೇನೆ ಎಂದು ಅವನು ಆಮೇಲೆ ಬಿಲ್ಲು ಹುಡುಕುತ್ತ ಕೂರಬೇಕಾಗುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ಅದರ ಹೆಸರಿನಲ್ಲಿ ಪ್ಯಾನ್ ಮಾಡಿಸಿ, ಇಬ್ಬರ ಸಹಿ ಬೇಕಾಗುವಂತೆ ಬ್ಯಾಂಕ್ ಖಾತೆ ತೆರೆದರೆ ಕಾಕಾ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಆ ತಂಡದಲ್ಲಿ ಏಳು ಜನ ಇದ್ದೇ ಇರುತ್ತಾರೆ.

80ಜಿ ಬಗ್ಗೆ ಒಂದು ಮಾತು, ಕಾಕಾ. ನೀವು ಹೊಸ ತೆರಿಗೆ ಪದ್ಧತಿಗೆ ಬಂದಿದ್ದೀರಿ, ಅಲ್ಲಿ ಈ ವಿನಾಯಿತಿ ಇಲ್ಲವೇ ಇಲ್ಲ. ಹಳೆಯ ಪದ್ಧತಿಯಲ್ಲಿ ಇರುವವರಿಗೂ ಇಂಥ ಸಂಸ್ಥೆಗೆ ಕೊಟ್ಟ ಹಣದ ಶೇಕಡಾ 50ರಷ್ಟಕ್ಕೆ, ಅದೂ ಒಂದು ಮಿತಿಯೊಳಗೆ, ವಿನಾಯಿತಿ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದೂ ಸಿಗುವುದಿಲ್ಲ. ತಿಂಗಳಿಗೆ ಇನ್ನೂರು, ಐನೂರು ಕೊಡುವ ನಮ್ಮಂಥವರಿಗೆ ಆ ಕಾಗದದಿಂದ ಆಗುವ ಉಳಿತಾಯ ಅಲ್ಪ. ಹಾಗಾಗಿ ನಾವು ಕೇಳಬೇಕಾದದ್ದು ತೆರಿಗೆ ರಸೀದಿಯನ್ನಲ್ಲ, ತಿಂಗಳ ಜಮಾ ಖರ್ಚನ್ನು.

ಕಾರ್ಖಾನೆಗಳ ಹಣ ಅವರಿಗೆ ಈಗಲೇ ಎಟಕುವಂಥದ್ದಲ್ಲ. 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ನಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು, ಮತ್ತು ಆ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಪ್ರಾಣಿ ಕಲ್ಯಾಣವೂ ಸೇರಿದೆ ಎಂಬುದು ನಿಜ. ಆದರೆ ಹೊರಗಿನ ಸಂಸ್ಥೆಯೊಂದು ಆ ಹಣ ಪಡೆಯಲು ದತ್ತಿ ಸಂಸ್ಥೆಗಳಿಗೆ ಆದಾಯ ತೆರಿಗೆ ಇಲಾಖೆ ಕೊಡುವ 12ಎ, 80ಜಿ ನೋಂದಣಿಗಳು ಇರಬೇಕು, ಇಂಥ ಹಣ ಪಡೆಯುವವರಿಗೆಂದೇ ಇರುವ ಸಿಎಸ್‌ಆರ್-1 ಅರ್ಜಿ ಸಲ್ಲಿಸಿ ಸಂಖ್ಯೆ ಪಡೆದಿರಬೇಕು, ಅಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವವೂ ಇರಬೇಕು. ಆ ಮೂರು ವರ್ಷ ಅವರು ಯಾರ ಹಣದಿಂದ ಕೆಲಸ ಮಾಡಬೇಕು? ನಮ್ಮಂಥ ಮನೆಗಳ ನೂರು ಇನ್ನೂರು ರೂಪಾಯಿಯಿಂದಲೇ ಮಾಡಬೇಕು, ಬೇರೆ ದಾರಿ ಇಲ್ಲ.

ಡಾಲಸ್ ತಮ್ಮ: ಅಕ್ಕ, ಇಷ್ಟೆಲ್ಲ ಚರ್ಚೆ ಯಾಕೆ? ನೋಂದಣಿಯ ಖರ್ಚು, ಒಂದು ವರ್ಷದ ಔಷಧಿಯ ಖರ್ಚು ಎರಡನ್ನೂ ನಾನೊಬ್ಬನೇ ಕಳಿಸುತ್ತೇನೆ. ಖಾತೆಯ ಸಂಖ್ಯೆ ಕೊಡಿ.

ನಾನು: ನಿನ್ನ ಮನಸ್ಸು ದೊಡ್ಡದು, ಆದರೆ ದಯವಿಟ್ಟು ಕಳಿಸಬೇಡ. ನೀನೀಗ ಅಮೆರಿಕದ ಪ್ರಜೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆ ಆಗುವುದಿಲ್ಲ. ನಿನ್ನಂತೆ ಪೌರತ್ವ ಬದಲಿಸಿದವರು ಕೊಟ್ಟರೆ ಅದು ವಿದೇಶಿ ವಂತಿಗೆಯೇ ಆಗುತ್ತದೆ, ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಹಾಗೆಯೇ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿ ಇಲ್ಲದೆ ಸಂಘವೊಂದು ಅದನ್ನು ಮುಟ್ಟುವಂತಿಲ್ಲ. ಅನುಮತಿ ಇದ್ದವರೂ 2020ರ ತಿದ್ದುಪಡಿಯ ನಂತರ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಅದನ್ನು ತರಿಸಿಕೊಳ್ಳಬೇಕು. ಅವ್ವನ ಖಾತೆಗೆ ಹಾಕಿ ಅಲ್ಲಿಂದ ಕೊಡಿಸುವ ಉಪಾಯವೂ ಬೇಡ. ಇಂಥ ಒಂದು ತಪ್ಪಿಗೆ ಹುಡುಗರ ಸಂಘ ಹುಟ್ಟುವ ಮೊದಲೇ ಮುಳುಗೀತು. ಜಮಾ ಖರ್ಚಿನ ಪಟ್ಟಿಯನ್ನು ತಯಾರಿಸಿಕೊಡು, ದಾನಿಗಳಿಗೆ ಪ್ರತಿ ತಿಂಗಳು ಹೋಗುವ ಸಂದೇಶದ ನಮೂನೆ ಮಾಡಿಕೊಡು. ಅವರಿಗೆ ಅದೂ ಬೇಕಾಗಿದೆ.

ರಾಯಚೂರು ಅತ್ತೆ: ನೀನು ಕಾನೂನು ಹೇಳುತ್ತಿದ್ದೀಯ, ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ನಾಯಿಗಳನ್ನು ಗುಣಪಡಿಸಿ ಮತ್ತೆ ಅದೇ ಓಣಿಗೆ ತಂದು ಬಿಡುವುದಕ್ಕೆ ನಾನೇಕೆ ಹಣ ಕೊಡಬೇಕು?

ನಾನು: ಅತ್ತೆ, ನಿಮ್ಮ ಭಯಕ್ಕೆ ಕಾರಣ ಇದೆ. ಒಮ್ಮೆ ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಅದಕ್ಕಾಗಿಯೇ ನಾನು ಕೊಡಬೇಕು ಎನ್ನುತ್ತಿದ್ದೇನೆ. ಒಂದು ಊರಿನ ನಾಯಿಗಳಲ್ಲಿ ಶೇಕಡಾ 70ರಷ್ಟಕ್ಕೆ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ ಎಂಬುದು ಜಗತ್ತಿನೆಲ್ಲೆಡೆ ಒಪ್ಪಿದ ಲೆಕ್ಕ. ನಾಯಿಗಳ ಹತ್ತಿರ ಹೋಗಿ ಹಿಡಿದು ಲಸಿಕೆ ಹಾಕಿಸಲು ಅವು ನಂಬುವ ಜನ ಬೇಕು, ಮತ್ತು ಆ ಜನ ಈ ಹುಡುಗರಂಥವರೇ. ಹಿಡಿದ ನಾಯಿಯನ್ನು ಊರಾಚೆ ಬಿಟ್ಟು ಬಂದರೆ ಖಾಲಿಯಾದ ಓಣಿಗೆ ಲಸಿಕೆಯಿಲ್ಲದ ಬೇರೆ ನಾಯಿಗಳು ಬರುತ್ತವೆ. ನಿಮ್ಮ ಓಣಿಯ ಕೋಳಿ ಅಂಗಡಿಯ ತ್ಯಾಜ್ಯ ಅಲ್ಲಿಯೇ ಬೀಳುತ್ತಿರುವವರೆಗೆ ಅದು ತಪ್ಪುವುದಿಲ್ಲ. ಸುಪ್ರೀಂ ಕೋರ್ಟ್ ದೆಹಲಿಯ ಬೀದಿ ನಾಯಿಗಳ ಪ್ರಕರಣದಲ್ಲಿ, ಅವನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲೇ ಇಡಬೇಕೆಂಬ ತನ್ನ ಮೊದಲಿನ ಆದೇಶವನ್ನು 2025ರ ಆಗಸ್ಟ್ 22ರಂದು ಬದಲಿಸಿದಾಗಲೂ, ರೇಬೀಸ್ ತಗುಲಿದ ಹಾಗೂ ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಹಿಡಿದ ಜಾಗಕ್ಕೇ ಬಿಡಬೇಕೆಂದಿತು, ಸಿಕ್ಕಸಿಕ್ಕಲ್ಲಿ ಅನ್ನ ಹಾಕುವುದನ್ನೂ ತಡೆಯಿತು. ಈ ಎರಡನೆಯ ಮಾತನ್ನು ನಾಯಿಪ್ರಿಯರು ಪಾಲಿಸಲೇಬೇಕು, ಅದರಲ್ಲಿ ನಾನು ನಿಮ್ಮ ಪಕ್ಷ.

ಇನ್ನು, ಮನವಿಯಲ್ಲಿರುವ ಸಂತಾನಹರಣದ ಸಾಲನ್ನು ತೆಗೆಯಬೇಕು ಎಂದು ತಂಗಿಗೆ ಹೇಳುತ್ತೇನೆ. ಬೀದಿ ನಾಯಿಗಳ ಸಂತಾನಹರಣವನ್ನು ಯಾರು ಬೇಕಾದರೂ ಹಣ ಎತ್ತಿ ಮಾಡಿಸುವಂತಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಅದು ನಗರಸಭೆ, ಪಂಚಾಯಿತಿಗಳ ಹೊಣೆ. ನಡೆಸುವ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಯೋಜನಾ ಮಾನ್ಯತೆ ಇರಬೇಕು, ಶಸ್ತ್ರಚಿಕಿತ್ಸೆಯ ಕೋಣೆ, ಆಮೇಲೆ ಇರಿಸಿಕೊಳ್ಳುವ ಗೂಡುಗಳು ಇರಬೇಕು. ಮಾಡಲಾಗದ ಕೆಲಸದ ಹೆಸರಿನಲ್ಲಿ ಒಂದು ರೂಪಾಯಿ ಎತ್ತಿದರೂ ಅದು ನಂಬಿಕೆಗೆ ಬೀಳುವ ಪೆಟ್ಟು.

ಕೊಪ್ಪಳ ತಂಗಿ: ಅಕ್ಕ, ಆ ಸಾಲನ್ನು ತೆಗೆಸುತ್ತೇನೆ. ಆದರೆ ಒಂದು ಮಾತು ಹೇಳಲೇಬೇಕು. ಹುಳು ಬಿದ್ದ ಗಾಯದ ಚಿತ್ರ ಹಾಕಿದ ದಿನ ಹಣ ಬರುತ್ತದೆ. ಶೆಡ್ಡಿನ ಬಾಡಿಗೆಗೆ, ಗಾಡಿಯ ಪೆಟ್ರೋಲಿಗೆ, ಫಿನಾಯಿಲಿಗೆ ಎಂದು ಕೇಳಿದ ದಿನ ಒಬ್ಬರೂ ತಿರುಗಿ ನೋಡುವುದಿಲ್ಲ. ಲೆಕ್ಕ ಚೆನ್ನಾಗಿ ಬರೆದರೆ ಕೊಡುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ, ಕೊಡುವವರು ಮಾತ್ರ ಚಿತ್ರ ನೋಡಿಯೇ ಕೊಡುತ್ತಾರೆ.

ನಾನು: ನೀನು ಹೇಳಿದ್ದು ಸತ್ಯ, ಮತ್ತು ತಪ್ಪು ಕೇಳುವವರದಲ್ಲ, ಕೊಡುವ ನಮ್ಮದು. ಆ ಒಂದು ಗಾಯದ ಹಿಂದಿನ ಕೆಲಸವನ್ನು ದೊಡ್ಡಪ್ಪ, ಕಾಕಾ, ಅತ್ತೆ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಹುಳು ಬಿದ್ದ ಗಾಯಕ್ಕೆ ಔಷಧಿ ಹಾಕಿದ ತಕ್ಷಣ ಹುಳುಗಳೆಲ್ಲ ಹೊರಬರುವುದಿಲ್ಲ. ಒಬ್ಬರು ಬಾಯಿಗೆ ಪಟ್ಟಿ ಕಟ್ಟಿ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಚಿಮಟಿಗೆಯಿಂದ ಒಂದೊಂದನ್ನೇ ತೆಗೆಯಬೇಕು. ಮರುದಿನ ನೋಡಿದರೆ ಒಳಗೆ ಮತ್ತೆ ಇರುತ್ತವೆ. ಗಾಯ ಒಣಗುವವರೆಗೆ ದಿನವೂ ತೊಳೆದು, ನೊಣ ಕೂರದಂತೆ ಸ್ಪ್ರೇ ಹೊಡೆಯಬೇಕು. ಕೊಪ್ಪಳದ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಅದನ್ನು ನೆರಳಲ್ಲಿ ಇಡಬೇಕು. ಇದರಲ್ಲಿ ಔಷಧಿಯ ಪಾಲು ಸಣ್ಣದು. ಬಾಡಿಗೆ, ನೀರು, ಗಾಡಿ, ಒರೆಸುವ ಬಟ್ಟೆ, ರಾತ್ರಿ ಕಾಯುವವನ ಊಟ, ವರ್ಷದ ಕೊನೆಗೆ ನಮ್ಮಂಥ ಕಚೇರಿಗೆ ಕೊಡುವ ಶುಲ್ಕ, ಇವೆಲ್ಲ ಸೇರಿಯೇ ಆ ನಾಯಿ ಎದ್ದು ನಿಲ್ಲುತ್ತದೆ. ಒಂದು ನಾಯಿಯ ಹೆಸರು ಹೇಳಿ ಎತ್ತಿದ ಹಣವನ್ನು ಅದಕ್ಕೇ ಖರ್ಚು ಮಾಡುವುದು ನ್ಯಾಯ. ಹಾಗಾದರೆ ಚಿತ್ರದಲ್ಲಿ ಚೆನ್ನಾಗಿ ಕಾಣದ ಮುದಿ ಕತ್ತೆಗೆ ಯಾರು ಕೊಡುತ್ತಾರೆ? ಇದಕ್ಕೆ ಬಿಡಿಬಿಡಿ ಕರುಣೆ ಸಾಲದು, ತಿಂಗಳು ತಿಂಗಳೂ ಬರುವ ಹಣ ಬೇಕು. ದೊಡ್ಡಪ್ಪ ಹೇಳಿದ ಪುಣ್ಯಕೋಟಿ ಯೋಜನೆಯಲ್ಲೂ ಒಂದು ಹಸುವನ್ನು ದತ್ತು ಪಡೆಯಲು ವರ್ಷಕ್ಕೆ 11,000 ರೂಪಾಯಿ ಎಂದು ಇಡಿಯಾಗಿ ಕೇಳುತ್ತಾರೆ.

ದೊಡ್ಡಪ್ಪ: ದಾಸೋಹದಲ್ಲಿ ಕಣ್ಣಿಗೆ ಕಾಣುತ್ತದೆ ಎಂದು ನಾನು ಹೇಳಿದ್ದೆ. ಅವರ ಶೆಡ್ಡೂ ನಮ್ಮ ಮನೆಯಿಂದ ದೂರವಿಲ್ಲ. ಭಾನುವಾರ ಬೆಳಿಗ್ಗೆ ಹೋಗಿ ನೋಡಿಬರುತ್ತೇನೆ. ನೋಡಿದ ಮೇಲೆ ಕೊಡಬೇಕೋ ಬೇಡವೋ ಹೇಳುತ್ತೇನೆ.

ರಾಯಚೂರು ಅತ್ತೆ: ಲಸಿಕೆಗೆಂದು ಬೇರೆ ಲೆಕ್ಕ ಇಟ್ಟರೆ ಅದಕ್ಕೆ ಕೊಡುತ್ತೇನೆ. ಉಳಿದದ್ದರ ಬಗ್ಗೆ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ.

ನಾನು: ಹಾಗೆಯೇ ಆಗಲಿ, ಅತ್ತೆ. ಲಸಿಕೆಯ ಹಣ ಬೇರೆ ಕಾಲಮ್ಮಿನಲ್ಲಿ ಇರಲಿ. ಖಾತೆ ತೆರೆಯುವವರೆಗೆ ಯಾರೂ ಆ ಕ್ಯೂಆರ್ ಕೋಡಿಗೆ ಹಣ ಹಾಕುವುದು ಬೇಡ. ಈ ನಾಯಿಯ ಔಷಧಿಯ ಬಿಲ್ಲನ್ನು ತಂಗಿ ಮೆಡಿಕಲ್ ಅಂಗಡಿಯಿಂದ ನನಗೆ ಕಳಿಸಿದರೆ ನೇರವಾಗಿ ಅಂಗಡಿಗೇ ಪಾವತಿ ಮಾಡುತ್ತೇನೆ. ರಸ್ತೆಯಲ್ಲಿ ದನಕರು ಗಾಯಗೊಂಡು ಬಿದ್ದಿದ್ದರೆ ಮೊದಲು 1962ಕ್ಕೆ ಕರೆ ಮಾಡಲಿ, ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನ ಇರುವುದೇ ಅದಕ್ಕೆ. ಸರ್ಕಾರದಿಂದ ಸಿಗುವುದಕ್ಕೆ ದಾನದ ಹಣ ಖರ್ಚಾಗಬಾರದು. ನೋಂದಣಿಯ ಕಾಗದಗಳನ್ನು ನಾನು ಶುಲ್ಕ ತೆಗೆದುಕೊಳ್ಳದೆ ಮಾಡಿಕೊಡುತ್ತೇನೆ.

ಗಂಗಾವತಿ ಕಾಕಾ: ಸಂಘದ ಹೆಸರಿನ ಖಾತೆ ಆದ ತಿಂಗಳಿಂದ ನನ್ನದು ತಿಂಗಳಿಗೆ ಐನೂರು ರೂಪಾಯಿ. ಅದಲ್ಲದೆ ನಾಯಿಗಳಿಗೆ ಬೇಯಿಸಲು ತಿಂಗಳಿಗೊಂದು ಚೀಲ ನುಚ್ಚು ಮಿಲ್ಲಿನಿಂದ ಕಳಿಸುತ್ತೇನೆ. ಅದಕ್ಕೂ ಅವರು ಸ್ವೀಕೃತಿ ಬರೆದು ಸ್ಟಾಕ್ ಪುಸ್ತಕದಲ್ಲಿ ಏರಿಸಬೇಕು. ಸತತ ಎರಡು ತಿಂಗಳು ಜಮಾ ಖರ್ಚು ಈ ಗುಂಪಿಗೆ ಬರದಿದ್ದರೆ ಮೂರನೆಯ ತಿಂಗಳ ಚೀಲ ಬರುವುದಿಲ್ಲ, ಇದನ್ನು ಅವರಿಗೆ ಈಗಲೇ ತಿಳಿಸು. ಗಂಗಾವತಿಯಿಂದ ಚೀಲ ಒಯ್ಯಲು ಅವರ ಬಳಿ ಗಾಡಿ ಇದೆಯೇ, ಅಥವಾ ಕೊಪ್ಪಳಕ್ಕೆ ಹೋಗುವ ನಮ್ಮ ಲಾರಿಯಲ್ಲೇ ಹಾಕಿಸಲೇ?

ಕೊಪ್ಪಳ ತಂಗಿ: ಲಾರಿಯಲ್ಲೇ ಹಾಕಿಸಿ, ಕಾಕಾ. ಇಳಿಸಿಕೊಳ್ಳಲು ಹುಡುಗರು ಬರುತ್ತಾರೆ. ಸ್ಟಾಕ್ ಪುಸ್ತಕವನ್ನು ಇಂದೇ ತರುತ್ತೇನೆ.